ಚಲನ್ ಯಾರ ಹೆಸರಿಗೆ?

ಕಳೆದ ದಸರೆ ಮುಗಿದ ಕೆಲವು ದಿನಗಳಿಗೆ ಮೂಡಲಗಿಯ ನಮ್ಮ ಅಣ್ಣನ ಮೊಬೈಲಿಗೆ ಒಂದು ಮೆಸೇಜು ಬಂತು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಅವನ ಕಾರು ಗಂಟೆಗೆ 122 ಕಿಲೋಮೀಟರ್ ಓಡಿದೆ, ಅಲ್ಲಿಯ ಮಿತಿ 100, ದಂಡ 1,000 ರೂಪಾಯಿ ಎಂದು ಅದರಲ್ಲಿತ್ತು. ಕ್ಯಾಮೆರಾ ಆ ಫೋಟೊ ತೆಗೆದ ಹೊತ್ತಿನಲ್ಲಿ ಅಣ್ಣ ಹೊಲದಲ್ಲಿ ಕಬ್ಬಿಗೆ ನೀರು ಹಾಯಿಸುತ್ತಿದ್ದ. ಕಾರು ಒಯ್ದವನು ಅವನ ಮಗ. ಇಪ್ಪತ್ತೊಂದು ವರ್ಷದವನು, ಲೈಸೆನ್ಸ್ ಸಿಕ್ಕು ಇನ್ನೂ ಎರಡು ವರ್ಷ ತುಂಬಿಲ್ಲ, ಗೆಳೆಯರ ಜೊತೆ ದಸರೆ ನೋಡಲು ಹೋಗಿದ್ದ.

ಅವತ್ತು ಸಂಜೆ ನಾನು ಅವರ ಮನೆಯಲ್ಲಿದ್ದೆ. ಪಡಸಾಲೆಯಲ್ಲಿ ಮೆಸೇಜು ಕೈಯಿಂದ ಕೈಗೆ ಹೋಯಿತು. "ಹೋಗಲಿ ಬಿಡು, ಒಂದ ಸಾವಿರ, ಕಟ್ಟಿ ಮುಗಸೋಣು" ಎಂದ ಅಣ್ಣ. ಹುಡುಗನ ಸೋದರಮಾವ ತಡೆದ: "ಕಟ್ಟಬ್ಯಾಡ್ರಿ ಭಾವಾರ, ತಡೀರಿ. ನಡನಡುವ ಸರ್ಕಾರದವರು ಅರ್ಧಾ ಮಾಫ್ ಮಾಡ್ತಾರ, ಆವಾಗ ಕಟ್ಟಿದ್ರ ಐದನೂರಿಗೆ ಮುಗೀತೈತಿ." ಪಕ್ಕದ ಮನೆಯವರು ಇನ್ನೂ ಮುಂದೆ ಹೋಗಿ, ದೊಡ್ಡವರ ಕಡೆಯಿಂದ ಒಂದು ಫೋನ್ ಹಚ್ಚಿಸಿದರೆ ಅದೂ ಬೇಕಾಗುವುದಿಲ್ಲ ಎಂದರು. ಒಳಗಿನಿಂದ ಅತ್ತಿಗೆಯ ದನಿ ಬಂತು: "ಇನ್ನ ಮ್ಯಾಲ ಗಾಡಿ ಕೀಲಿ ಕೈಯಾಗ ಕೊಡಂಗಿಲ್ಲ." ಹುಡುಗ ಗೋಡೆಗೆ ಒರಗಿ ನಿಂತಿದ್ದ. ಅವನನ್ನು ಯಾರೂ ಏನೂ ಕೇಳಲಿಲ್ಲ. ಅವನ ವೇಗಕ್ಕೆ ಬಂದ ದಂಡ ಅವನನ್ನು ಬಿಟ್ಟು ಉಳಿದೆಲ್ಲರ ವಿಷಯವಾಗಿತ್ತು.

ಆ ಸಂಜೆಯಿಂದ ನನ್ನನ್ನು ಕಾಡುತ್ತಿರುವ ಮಾತು ಇದೇ. ವೇಗದ ದಂಡ ಬಂದ ಮೇಲೆ ಎಳೆಯ ಚಾಲಕನ ಮುಂದೆ ಯಾವ ದಾರಿಗಳಿವೆ ಎಂದು ಕೇಳಿದರೆ ನಮ್ಮಲ್ಲಿ ಸಿಗುವ ಉತ್ತರವೆಲ್ಲ ದುಡ್ಡಿನ ಲೆಕ್ಕ. ಪೂರ್ತಿ ಕಟ್ಟುವುದೋ, ಅರ್ಧ ಕಟ್ಟುವುದೋ, ಕಟ್ಟದೆ ಬಿಡುವುದೋ ಎಂಬಲ್ಲಿಗೆ ಮಾತು ಮುಗಿಯುತ್ತದೆ. ದಂಡ ಎಷ್ಟು ಎನ್ನುವುದಕ್ಕಿಂತ ಅದು ಯಾರನ್ನು ಮುಟ್ಟಿತು ಎನ್ನುವುದು ಮುಖ್ಯ ಎಂದು ನನಗೆ ತೋರುತ್ತದೆ. ಎಕ್ಸಿಲರೇಟರ್ ಒತ್ತಿದ ಕಾಲಿಗೆ, ಅಥವಾ ಒತ್ತು ಎಂದು ಹೇಳಿದ ಬಾಯಿಗೆ ಮುಟ್ಟದ ದಂಡ ಸರ್ಕಾರದ ಬೊಕ್ಕಸಕ್ಕೆ ಜಮಾ ಆದೀತು. ರಸ್ತೆಯ ಮೇಲೆ ಅದರಿಂದ ಏನೂ ಬದಲಾಗದು.

ಕ್ಯಾಮೆರಾ ಓದುವುದು ನಂಬರ್ ಪ್ಲೇಟನ್ನು. ಮುಖ ಅದಕ್ಕೆ ಬೇಕಿಲ್ಲ. ಪ್ಲೇಟಿನಿಂದ ಮಾಲೀಕನ ಹೆಸರು, ಹೆಸರಿನಿಂದ ಮೊಬೈಲ್ ನಂಬರು. ನಮ್ಮ ಕಡೆ ಗಾಡಿ ಇರುವುದು ಅಪ್ಪನ ಹೆಸರಿನಲ್ಲಿ, ಕಾಕಾನ ಹೆಸರಿನಲ್ಲಿ, ಕೆಲವು ಮನೆಗಳಲ್ಲಿ ಹತ್ತು ವರ್ಷದ ಹಿಂದೆ ಮಾರಿದವನ ಹೆಸರಿನಲ್ಲೇ. ಓಡಿಸುವವರು ಹದಿನೆಂಟು, ಇಪ್ಪತ್ತರ ಹುಡುಗರು. ಹಾಗಂತ ಕಾನೂನು ಓಡಿಸಿದವನನ್ನು ಪೂರ್ತಿ ಮರೆತಿಲ್ಲ. ಪೊಲೀಸ್ ಅಧಿಕಾರಿ ಕೇಳಿದಾಗ ಗಾಡಿ ಓಡಿಸುತ್ತಿದ್ದವನ ಹೆಸರು, ವಿಳಾಸ, ಲೈಸೆನ್ಸಿನ ವಿವರ ಕೊಡುವುದು ಮಾಲೀಕನ ಕರ್ತವ್ಯ ಎಂದು ಮೋಟಾರು ವಾಹನ ಕಾಯ್ದೆಯ 133ನೇ ಕಲಂ ಹೇಳುತ್ತದೆ. ಆದರೆ ಕೇಳುವವರು ಯಾರು? ದುಡ್ಡು ಜಮಾ ಆದರೆ ಪ್ರಕರಣ ಮುಗಿಯಿತು.

ಮೊದಲು ಕಾನೂನು ಎಲ್ಲಿ ನಿಂತಿದೆ ನೋಡೋಣ, ಏಕೆಂದರೆ ಮನೆಗಳಲ್ಲಿ ಈ ಬಗ್ಗೆ ತಪ್ಪು ತಿಳಿವಳಿಕೆ ಬಹಳ. 2019ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ತಿದ್ದುಪಡಿ ಅತಿವೇಗಕ್ಕೆ ಕಾರಿನಂಥ ಲಘು ವಾಹನಗಳಿಗೆ 1,000ದಿಂದ 2,000, ಲಾರಿ ಬಸ್ಸುಗಳಿಗೆ 2,000ದಿಂದ 4,000 ರೂಪಾಯಿ ದಂಡ ಇಟ್ಟಿತು. ಜನ ಗದ್ದಲ ಎಬ್ಬಿಸಿದ ಮೇಲೆ ಅದೇ ತಿಂಗಳು ಕರ್ನಾಟಕ ಸರ್ಕಾರ ಹಲವು ದಂಡಗಳನ್ನು ಇಳಿಸಿತು. ಆದ್ದರಿಂದ ಕಾರಿನ ಅತಿವೇಗಕ್ಕೆ ನಮ್ಮಲ್ಲಿ ಕಟ್ಟುವುದು ಕೆಳಗಿನ ತುದಿಯ ಸಾವಿರವೇ. ಈ ಸಾವಿರ ಕಟ್ಟಿದರೆ ತಪ್ಪು ಅಳಿಸಿಹೋಯಿತು ಎಂದು ಬಹಳ ಮಂದಿ ನಂಬಿದ್ದಾರೆ. ಅದು ಹಾಗಲ್ಲ. ರಾಜಿ ದಂಡ ಕಟ್ಟಿದ ಪ್ರಕರಣವೂ ಮುಂದಿನ ಸಲ "ಹಿಂದೆ ಮಾಡಿದ ತಪ್ಪು" ಎಂದೇ ಎಣಿಕೆಗೆ ಬರುತ್ತದೆ ಎಂದು 200ನೇ ಕಲಂ ಸ್ಪಷ್ಟವಾಗಿ ಹೇಳಿದೆ. ಎರಡನೆಯ ಸಲ ಸಿಕ್ಕಿಬಿದ್ದರೆ ಲೈಸೆನ್ಸ್ ಮುಟ್ಟುಗೋಲು ಹಾಕಿಕೊಳ್ಳಬಹುದು. ಇನ್ನೊಂದು ಗೆರೆಯೂ ಇದೆ. 2024ರ ಆಗಸ್ಟ್ 1ರಿಂದ ನಮ್ಮ ರಾಜ್ಯದಲ್ಲಿ 130 ದಾಟಿ ಓಡಿಸಿದವರ ಮೇಲೆ ಬರಿ ಚಲನ್ ಅಲ್ಲ, ಎಫ್‌ಐಆರ್ ದಾಖಲಿಸುವ ಕ್ರಮ ಬಂದಿದೆ. ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಪ್ರಕಾರ ಅದಕ್ಕೆ ಆರು ತಿಂಗಳವರೆಗೆ ಸೆರೆವಾಸ, ಸಾವಿರದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ನನ್ನ ಅಣ್ಣನ ಮಗ 122ರಲ್ಲಿದ್ದ. ಇನ್ನೊಂದು ಎಂಟು ಹತ್ತು ಕಿಲೋಮೀಟರ್ ಹೆಚ್ಚಾಗಿದ್ದರೆ ಪೊಲೀಸ್ ನೇಮಕಾತಿಗೋ ಪಾಸ್‌ಪೋರ್ಟಿಗೋ ಅರ್ಜಿ ಹಾಕುವಾಗ "ನಿಮ್ಮ ಮೇಲೆ ಕ್ರಿಮಿನಲ್ ಕೇಸು ಇದೆಯೇ" ಎಂಬ ಕಾಲಮ್ಮಿನ ಮುಂದೆ ಕೈ ನಡುಗುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂತ ಗೆಳೆಯರು "ಹೊಡಿ ಹೊಡಿ" ಎನ್ನುವಾಗ ಎಂಟು ಕಿಲೋಮೀಟರ್ ಎಂದರೆ ಕಣ್ಣು ಮಿಟುಕಿಸುವಷ್ಟರ ಅಂತರ.

ಲೈಸೆನ್ಸೇ ಇಲ್ಲದ ವಯಸ್ಸಿನವರ ಮಾತು ಬೇರೆ. ಮಳೆಗಾಲದಲ್ಲಿ ಘಟಪ್ರಭೆ ತುಂಬಿ ಗೋಕಾಕ ಜಲಪಾತ ಧುಮುಕುವಾಗ ರವಿವಾರ ಅಲ್ಲಿಗೆ ಬರುವ ಬೈಕುಗಳನ್ನು ನೋಡಿ. ಮೀಸೆ ಮೂಡದ ಹುಡುಗರು ಮೂವರು ಮೂವರು ಕೂತಿರುತ್ತಾರೆ. ಅವರಲ್ಲಿ ಒಬ್ಬ ಸಿಕ್ಕಿಬಿದ್ದರೆ ಗಾಡಿ ಕೊಟ್ಟ ಪಾಲಕರಿಗೋ ಮಾಲೀಕರಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ. ಇಲ್ಲಿ ಮಾತ್ರ ಕಾನೂನು ಬೇಕೆಂದೇ ದೊಡ್ಡವರನ್ನು ಹಿಡಿಯುತ್ತದೆ, ಹಾಗೆ ಹಿಡಿಯುವುದು ನ್ಯಾಯವೂ ಹೌದು. ಕೀಲಿ ಕೊಟ್ಟ ಕೈ ಅವರದು.

ಇನ್ನು ಆ ಸಂಜೆ ಪಡಸಾಲೆಯಲ್ಲಿ ಕೇಳಿದ ಒಂದೊಂದು ದಾರಿಗೆ ಬರುತ್ತೇನೆ.

ವಶೀಲಿಯ ದಾರಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕ್ಯಾಮೆರಾಕ್ಕೆ ಫೋನ್ ಹಚ್ಚಲು ಬರುವುದಿಲ್ಲ. ಕ್ರಾಸಿನಲ್ಲಿ ನಿಂತ ಪೊಲೀಸರ ಮುಂದೆ ಅದು ನಡೆದರೂ ಆ ಹುಡುಗ ಒಂದು ಪಾಠ ಕಲಿತೇ ಕಲಿಯುತ್ತಾನೆ: ವೇಗಕ್ಕೆ ಮಿತಿ ಇರುವುದು ಪರಿಚಯ ಇಲ್ಲದವರಿಗೆ. ಮುಂದೆ ಅವನು ಯಾರಿಗಾದರೂ ಗುದ್ದಿದ ದಿನವೂ ಮೊದಲು ಕೈ ಹೋಗುವುದು ಅದೇ ಫೋನಿಗೆ, ಆಂಬುಲೆನ್ಸ್ ನಂಬರಿಗೆ ಅಲ್ಲ. ರಸೀದಿ ಇಲ್ಲದೆ ರಸ್ತೆಯಲ್ಲೇ ಕೊಟ್ಟು ಮುಗಿಸುವ ದುಡ್ಡೂ ಇದೇ ಜಾತಿಯದು.

ಅರ್ಧ ಮಾಫಿಯದು ಇದಕ್ಕಿಂತ ಗಂಭೀರವಾದ ಪ್ರಶ್ನೆ, ಏಕೆಂದರೆ ಅಲ್ಲಿ ಸರ್ಕಾರವೇ ದಾರಿ ತೋರಿಸುತ್ತದೆ. 2023ರ ಫೆಬ್ರವರಿ 3ರಿಂದ 11ರವರೆಗೆ ಬಾಕಿ ಸಂಚಾರ ದಂಡಕ್ಕೆ ಶೇಕಡ 50 ರಿಯಾಯಿತಿ ಬಂತು. ಸಲಹೆ ಬಂದದ್ದು ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದಿಂದ. ಬಾಕಿ ಪ್ರಕರಣಗಳ ರಾಶಿ ಕರಗಲಿ ಎಂಬ ಉದ್ದೇಶ ತಪ್ಪಾಗಿರಲಿಲ್ಲ. ಬೆಂಗಳೂರೊಂದರಲ್ಲೇ ನೂರು ಕೋಟಿ ಮೀರಿ ಹಣ ಬಂತು. ಆದರೆ ಮಾರ್ಚಿನಲ್ಲಿ ಮತ್ತೆ ಬಂತು, ಜುಲೈನಲ್ಲಿ ಮತ್ತೆ ಬಂತು. 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಒಂದು ಸಲ, ನವೆಂಬರ್ 21ರಿಂದ ಡಿಸೆಂಬರ್ 12ರವರೆಗೆ ಇನ್ನೊಂದು ಸಲ. ಒಮ್ಮೆ ಬಂದರೆ ಅದು ವಿನಾಯಿತಿ, ಐದು ಸಲ ಬಂದರೆ ಅದು ಪದ್ಧತಿ. ಹುಡುಗನ ಸೋದರಮಾವ ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಸರ್ಕಾರ ಕಲಿಸಿದ್ದನ್ನೇ ಅವನು ಹೇಳಿದ್ದ. ಮೆಸೇಜು ಬಂದ ವಾರ ಸಾವಿರ ಕಟ್ಟಿದವನು ದಡ್ಡ, ಎರಡು ವರ್ಷ ಕಾದವನು ಜಾಣ ಎಂಬ ಲೆಕ್ಕ ಊರೂರಿಗೆ ಇಳಿದಿದೆ.

ತಪ್ಪಿಗೂ ಶಿಕ್ಷೆಗೂ ನಡುವಿನ ಕಾಲ ಉದ್ದವಾದಷ್ಟೂ ಶಿಕ್ಷೆ ತೆಳ್ಳಗಾಗುತ್ತದೆ. ದಸರೆಯಲ್ಲಿ ಒತ್ತಿದ ಎಕ್ಸಿಲರೇಟರಿಗೆ ಮುಂದಿನ ಯುಗಾದಿ ದಾಟಿದ ಮೇಲೆ ಐದುನೂರು ಕಟ್ಟಿದರೆ ಆ ಎರಡನ್ನೂ ಜೋಡಿಸುವ ನೆನಪು ಯಾರ ತಲೆಯಲ್ಲಿ ಉಳಿದಿರುತ್ತದೆ? ರಿಯಾಯಿತಿ ಕೊಡಲೇಬೇಕೆಂದರೆ ತಿರುಗಿಸಿ ಕೊಡಬೇಕು ಎನ್ನುವುದು ನನ್ನ ಅಭಿಪ್ರಾಯ: ಮೊದಲ ಹದಿನೈದು ದಿನದಲ್ಲಿ ಕಟ್ಟಿದವರಿಗೆ ಕಡಿಮೆ, ತಡಮಾಡಿದವರಿಗೆ ಪೂರ್ತಿ. ಬಾಕಿ ಉಳಿಯುವುದೂ ತಪ್ಪುತ್ತದೆ, ತಕ್ಷಣ ಒಪ್ಪಿಕೊಂಡವನಿಗೆ ಒಂದು ಮರ್ಯಾದೆಯೂ ಸಿಗುತ್ತದೆ.

ಅಪ್ಪ ಕಟ್ಟುವ ದಾರಿ ಪ್ರೀತಿಯದು. ಅದಕ್ಕೇ ಅದನ್ನು ಬೇಡ ಎನ್ನುವುದು ಕಷ್ಟ. ಮೂಡಲಗಿಯಲ್ಲಾಗಲಿ ಹುಕ್ಕೇರಿಯಲ್ಲಾಗಲಿ ಮಗ ತಪ್ಪು ಮಾಡಿದರೆ ಅಪ್ಪ ತಲೆ ಕೊಡುವುದು ಮನೆತನದ ರೀತಿ. ಆದರೆ ಅಣ್ಣ ಕಟ್ಟಿದ್ದರೆ ಏನಾಗುತ್ತಿತ್ತು? ಕಬ್ಬಿನ ಬಿಲ್ಲಿನಲ್ಲಿ ಸಾವಿರ ಕಡಿಮೆಯಾಗುತ್ತಿತ್ತು, ಮಗನ ಮೊಬೈಲ್ ರೀಚಾರ್ಜ್ ಎಂದಿನಂತೆ ಆಗುತ್ತಿತ್ತು. ಕೀಲಿ ಕಸಿದುಕೊಳ್ಳುವ ಅತ್ತಿಗೆಯ ದಾರಿಯೂ ಅಷ್ಟೇ. ಅದು ಹುಡುಗನನ್ನು ಗಾಡಿಯಿಂದ ದೂರ ಇಡುತ್ತದೆ, ಗಾಡಿಯ ಮೇಲೆ ಹೇಗಿರಬೇಕು ಎಂಬುದನ್ನು ಕಲಿಸುವುದಿಲ್ಲ. ಒಂದು ತಿಂಗಳಲ್ಲಿ ಗೆಳೆಯನ ಬೈಕು ಸಿಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಸ್ವಂತ ಮನೆಯ ಕಾರಿನಲ್ಲಿ ಓಡಾಡುವವರ ಕತೆ. ಗೋಕಾಕ, ಮೂಡಲಗಿ, ಹುಕ್ಕೇರಿ ಎಂಬ ನಮ್ಮ ಮೂರು ತಾಲೂಕುಗಳ ಎಳೆಯ ಚಾಲಕರಲ್ಲಿ ಬಹಳ ಮಂದಿಯ ಕತೆ ಬೇರೆ, ಈ ವಿಷಯದಲ್ಲಿ ನನಗೆ ಹೆಚ್ಚು ಸಂಕಟ ಕೊಡುವುದು ಅದೇ. ಮೂಡಲಗಿ ಕಡೆಯ ಗಾಣಗಳಿಂದ ಬೆಲ್ಲ ತುಂಬಿಕೊಂಡ ಪಿಕಪ್ ಗಾಡಿ ಕೊಲ್ಹಾಪುರದ ಪೇಟೆಯ ಸವಾಲಿಗೆ ಮುಟ್ಟಬೇಕು. ಹಾಲಿನ ಗಾಡಿ ಹತ್ತು ಹಳ್ಳಿ ಸುತ್ತಿ ಹಾಲು ಒಡೆಯುವ ಮೊದಲು ಡೇರಿ ಸೇರಬೇಕು. ಮದುವೆಯ ಹಂಗಾಮಿನಲ್ಲಿ ಕ್ರೂಸರ್ ಒಂದು ಮಂದಿಯನ್ನು ಇಳಿಸಿ ಇನ್ನೊಂದು ಮಂದಿಗೆ ಓಡಬೇಕು. ಈ ಗಾಡಿಗಳ ಸ್ಟೇರಿಂಗ್ ಹಿಡಿದವರು ಇಪ್ಪತ್ತು, ಇಪ್ಪತ್ತೆರಡರ ಹುಡುಗರು. ಅವರ ಕಿವಿಯಲ್ಲಿ ಮಾಲೀಕನ ದನಿ: "ಎಲ್ಲಿದ್ದೀಯೋ? ಇನ್ನ ಸಂಕೇಶ್ವರ ದಾಟಿಲ್ಲೇನ?" ಚಲನ್ ಬಂದರೆ ಮಾಲೀಕನ ಹೆಸರಿಗೆ ಬರುತ್ತದೆ, ಕಡಿತ ಹುಡುಗನ ಪಗಾರಿನಲ್ಲಿ ಆಗುತ್ತದೆ. ಒಂದು ದಿನ ಮೊದಲು ತಡವಾಗಿದ್ದಕ್ಕೆ ಬೈಗುಳ, ಮರುದಿನ ವೇಗವಾಗಿ ಓಡಿಸಿದ್ದಕ್ಕೆ ಕಡಿತ. ಎರಡೂ ಒಬ್ಬನೇ ಮಾಲೀಕನಿಂದ.

ಈ ಹುಡುಗನ ಪರವಾಗಿ ಕಾನೂನಿನಲ್ಲಿ ಒಂದು ಮಾತಿದೆ, ಅದು ಅವನ ಕಿವಿಗೆ ಯಾವತ್ತೂ ಬಿದ್ದಿಲ್ಲ. ಅತಿವೇಗದ 183ನೇ ಕಲಮಿನ ಮೊದಲ ಉಪಕಲಂ ತನ್ನ ಕೈಕೆಳಗಿನವನಿಂದ ಮಿತಿ ಮೀರಿ ಗಾಡಿ ಓಡಿಸುವವನಿಗೂ ಅದೇ ಶಿಕ್ಷೆ ಎನ್ನುತ್ತದೆ. ನಾಲ್ಕನೆಯದು ಇನ್ನೂ ಮುಂದೆ ಹೋಗುತ್ತದೆ. ಇಂಥ ಹೊತ್ತಿಗೆ ಮುಟ್ಟಲೇಬೇಕು ಎಂದು ಯಾರಾದರೂ ವೇಳಾಪಟ್ಟಿ ಹಾಕಿದ್ದರೆ, ಇಲ್ಲವೇ ಅಪ್ಪಣೆ ಕೊಟ್ಟಿದ್ದರೆ, ವೇಗದ ಮಿತಿ ಮೀರದೆ ಆ ಹೊತ್ತಿಗೆ ಮುಟ್ಟುವುದು ಸಾಧ್ಯವಿರಲಿಲ್ಲ ಎಂದು ನ್ಯಾಯಾಲಯಕ್ಕೆ ಕಂಡರೆ, ಆ ಅಪ್ಪಣೆಯೇ ಅಪ್ಪಣೆ ಕೊಟ್ಟವನ ತಪ್ಪಿಗೆ ಮೇಲ್ನೋಟದ ಸಾಕ್ಷಿ. ಕಾನೂನು ಬರೆದವರಿಗೆ ಸ್ಟೇರಿಂಗಿನ ಹಿಂದಿನ ಕೈ ಕಂಡಿತ್ತು. ಇಂದು ಆ ಅಪ್ಪಣೆ ವಾಟ್ಸ್ಯಾಪಿನಲ್ಲಿ ಬರೆದೇ ಬಂದಿರುತ್ತದೆ, ಕಾಲ್ ಲಿಸ್ಟಿನಲ್ಲಿ ಇರುತ್ತದೆ. ಆದರೆ ಪಗಾರ ಕೊಡುವವನ ವಿರುದ್ಧ ಹುಕ್ಕೇರಿಯ ಕೋರ್ಟಿನಲ್ಲಿ ನಿಂತು ಇದನ್ನು ತೋರಿಸು ಎಂದು ಇಪ್ಪತ್ತೆರಡರ ಹುಡುಗನಿಗೆ ಹೇಳುವ ಧೈರ್ಯ ನನಗಿಲ್ಲ. ಮರುದಿನ ಅವನ ಕೆಲಸ ಹೋಗುತ್ತದೆ. ಈ ಕಲಮನ್ನು ಎತ್ತಿಕೊಳ್ಳಬೇಕಾದವರು ಪೊಲೀಸರು ಮತ್ತು ಆರ್‌ಟಿಒ ಅಧಿಕಾರಿಗಳು. ಒಂದೇ ಮಾಲೀಕನ ಗಾಡಿಗಳಿಗೆ ಮೇಲಿಂದ ಮೇಲೆ ಅತಿವೇಗದ ಚಲನ್ ಬರುತ್ತಿದ್ದರೆ ತಪ್ಪು ಚಾಲಕರದೋ ವೇಳೆಯದೋ ಎಂದು ಕರೆದು ಕೇಳಲು ಅವರ ಕಂಪ್ಯೂಟರಿನಲ್ಲಿ ಎಲ್ಲ ಮಾಹಿತಿಯೂ ಇದೆ.

ವೇಗದ ಬಗ್ಗೆ ಇಷ್ಟು ಆಗ್ರಹ ಏಕೆ ಎಂದು ಕೇಳುವವರಿದ್ದಾರೆ. ರಸ್ತೆ ಚೆನ್ನಾಗಿಲ್ಲದ ನಮ್ಮ ಕಡೆ ವೇಗ ಎಲ್ಲಿಂದ ಬರಬೇಕು ಎನ್ನುವವರೂ ಇದ್ದಾರೆ. ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಒಂದು ಸಲ ಸಂಕೇಶ್ವರದಿಂದ ಹುಕ್ಕೇರಿ, ಘಟಪ್ರಭಾ ದಾಟಿ ಗೋಕಾಕಕ್ಕೆ ಬಂದು ನೋಡಬೇಕು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಸಾಲಾಗಿ ಕಾರ್ಖಾನೆಗೆ ಹೊರಟಿರುತ್ತವೆ. ಎಷ್ಟೋ ಟ್ರೇಲರುಗಳ ಹಿಂದೆ ದೀಪವಿಲ್ಲ, ಇದ್ದ ರಿಫ್ಲೆಕ್ಟರ್ ಕಬ್ಬಿನ ಗರಿಯ ಕೆಳಗೆ ಮುಚ್ಚಿಹೋಗಿರುತ್ತದೆ. ಹೆಡ್‌ಲೈಟಿನ ಬೆಳಕಿಗೆ ಅದು ಕಾಣುವ ಹೊತ್ತಿಗೆ ನಡುವೆ ನಲವತ್ತು ಮೀಟರ್ ಉಳಿದಿದೆ ಎಂದಿಟ್ಟುಕೊಳ್ಳಿ. ಗಂಟೆಗೆ 60 ಎಂದರೆ ಸೆಕೆಂಡಿಗೆ ಹದಿನೇಳು ಮೀಟರಿನ ಹತ್ತಿರ. ಕಂಡದ್ದು ತಲೆಗೆ ಹೋಗಿ ಕಾಲು ಬ್ರೇಕಿಗೆ ಬರಲು ಒಂದು ಸೆಕೆಂಡು ಬೇಕು. ಒಳ್ಳೆಯ ಬ್ರೇಕು, ಒಣ ರಸ್ತೆ ಇದ್ದರೆ 60ರಲ್ಲಿ ಬಂದ ಕಾರು ಆ ನಲವತ್ತು ಮೀಟರಿನೊಳಗೆ ಸರಿಯಾಗಿ ನಿಲ್ಲುತ್ತದೆ. 80ರಲ್ಲಿ ಬಂದ ಕಾರು ಅದೇ ಜಾಗಕ್ಕೆ ಬಂದಾಗ ಅದರ ವೇಗ ಎಷ್ಟಿರುತ್ತದೆ ಗೊತ್ತೇ? ಇನ್ನೂ 60. ಒಂದು ಕಾರು ಪೂರ್ತಿ ನಿಂತ ಜಾಗದಲ್ಲಿ ಇನ್ನೊಂದು 60ರ ವೇಗದಲ್ಲಿ ಕಬ್ಬಿನ ತುದಿಗಳಿಗೆ ಮುಖ ಕೊಡುತ್ತದೆ. ಎರಡರ ನಡುವೆ ಇದ್ದದ್ದು ಬರೀ 20 ಕಿಲೋಮೀಟರ್. ಈ ಲೆಕ್ಕವನ್ನು ನಾನು ಅಣ್ಣನ ಮಗನಿಗೆ ಕಾಗದದ ಮೇಲೆ ಮಾಡಿ ತೋರಿಸಿದಾಗ ಅವನು ನಂಬಲಿಲ್ಲ, ತಾನೇ ಇನ್ನೊಮ್ಮೆ ಮಾಡಿ ನೋಡಿದ. ಪಿಯುಸಿಯಲ್ಲಿ ಈ ಸೂತ್ರ ಕಲಿತಿದ್ದಾನೆ. ಅದು ಗೋಕಾಕ ರಸ್ತೆಯ ಲೆಕ್ಕವೂ ಹೌದು ಎಂದು ಯಾರೂ ಹೇಳಿರಲಿಲ್ಲ.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491. ಕರ್ನಾಟಕದಲ್ಲೇ 11,702. ಸಾವುಗಳಲ್ಲಿ ಶೇಕಡ 71ಕ್ಕೆ ಅತಿವೇಗ ಕಾರಣ ಎಂದು ದಾಖಲಾಗಿದೆ. ಈ ಕೊನೆಯ ಅಂಕಿಯನ್ನು ನಾನು ಸ್ವಲ್ಪ ಎಚ್ಚರದಿಂದ ಓದುತ್ತೇನೆ. ಅಪಘಾತದ ಫಾರಮಿನಲ್ಲಿ ತುಂಬಲು ಎಲ್ಲಕ್ಕಿಂತ ಸುಲಭವಾದ ಕಾರಣ ಅತಿವೇಗ. ದೀಪವಿಲ್ಲದ ಟ್ರೇಲರು, ಬಣ್ಣ ಹಚ್ಚದ ಹಂಪು, ತಿರುವಿನಲ್ಲಿ ಬೆಳೆದ ಜಾಲಿ ಕಂಟಿ ಅದರ ಹಿಂದೆ ಮರೆಯಾಗುತ್ತವೆ. ಆದರೆ ಈ ತಪ್ಪುಗಳೆಲ್ಲ ಇರುವುದರಿಂದಲೇ ಇಲ್ಲಿ ನಿಧಾನ ಹೆಚ್ಚು ಬೇಕು. ಕೆಟ್ಟ ರಸ್ತೆ ವೇಗಕ್ಕೆ ನೆಪವಾಗಲಾರದು.

ಹಾಗಾದರೆ ಚಲನ್ ವಿರುದ್ಧ ಎದುರಾಡುವ ದಾರಿ? ಅದು ಹುಡುಗನ ಹಕ್ಕು, ಅದನ್ನು ಉದ್ಧಟತನ ಎನ್ನಬಾರದು. ಗಾಡಿ ಮಾರಿ ಎಷ್ಟೋ ತಿಂಗಳಾಗಿದ್ದರೆ, ಫೋಟೊದಲ್ಲಿರುವ ಪ್ಲೇಟು ನಮ್ಮದಲ್ಲದಿದ್ದರೆ, ಆ ದಿನ ಗಾಡಿ ಗ್ಯಾರೇಜಿನಲ್ಲಿದ್ದರೆ ಸುಮ್ಮನೆ ಕಟ್ಟುವುದು ತಪ್ಪು ಒಪ್ಪಿಕೊಂಡಂತೆ, ಅದು ಮುಂದೆ ಎಣಿಕೆಗೂ ಬರುತ್ತದೆ. ಕಾನೂನು ಇಲ್ಲಿ ಆರೋಪಿಯ ಬಗ್ಗೆ ಉದಾರವಾಗಿದೆ. "ಇವನು ಜೋರಾಗಿ ಬಂದ ಎಂದು ನನಗೆ ಅನಿಸಿತು" ಎಂದು ಒಬ್ಬ ಸಾಕ್ಷಿ ಹೇಳಿದರೆ ಸಾಲದು, ಯಂತ್ರದಿಂದ ಅಳೆದ ಆಧಾರ ಬೇಕು. ಸ್ಥಳದಲ್ಲೇ ಎಚ್ಚರಿಸಿರಬೇಕು, ಇಲ್ಲವೇ 14 ದಿನದೊಳಗೆ ನೋಟಿಸು ಕಳಿಸಿರಬೇಕು, ಅದೂ ಇಲ್ಲವೇ 28 ದಿನದೊಳಗೆ ಸಮನ್ಸ್ ಜಾರಿಯಾಗಿರಬೇಕು ಎಂದು 209ನೇ ಕಲಂ ಅತಿವೇಗದ ಪ್ರಕರಣಗಳಿಗೆ ಹೇಳುತ್ತದೆ. 2021ರಲ್ಲಿ ಬಂದ 167ಎ ನಿಯಮದಂತೆ ಕ್ಯಾಮೆರಾ ಯಂತ್ರಕ್ಕೆ ಅನುಮೋದನೆಯ ಪ್ರಮಾಣಪತ್ರ ಇರಬೇಕು, ಅದನ್ನು ವರ್ಷವರ್ಷ ನವೀಕರಿಸಬೇಕು, ಕ್ಯಾಮೆರಾ ಇದೆ ಎಂಬ ಫಲಕ ಮೊದಲೇ ಕಾಣಬೇಕು, ಚಲನ್ ಜೊತೆಗೆ ತಪ್ಪು ತೋರಿಸುವ ಫೋಟೊ ಇರಬೇಕು.

ಇಷ್ಟೆಲ್ಲ ಇದ್ದೂ ಎದುರಾಡುವವರು ಅಪರೂಪ. ಕಾರಣ ದೂರ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರರಲ್ಲೂ ಜೆಎಂಎಫ್‌ಸಿ ನ್ಯಾಯಾಲಯಗಳಿವೆ. ಇಲ್ಲಿಯ ರಸ್ತೆಯ ಪ್ರಕರಣವಾದರೆ ಒಂದು ಬಸ್ಸಿನ ದಾರಿ. ಆದರೆ ಮಂಡ್ಯ ಕಡೆ ಬಿದ್ದ ಚಲನ್ ವಿಚಾರಣೆ ಅಲ್ಲಿಯೇ ಆಗಬೇಕೆಂದರೆ ಐನೂರು ಕಿಲೋಮೀಟರ್ ದಾಟಿ ಹೋಗಿ ಬರುವ ಖರ್ಚೇ ದಂಡದ ಮೂರು ಪಟ್ಟು. ಸಾವಿರ ರೂಪಾಯಿಯ ನ್ಯಾಯಕ್ಕೆ ಮೂರು ಸಾವಿರ ಕೇಳುವ ವ್ಯವಸ್ಥೆಯಲ್ಲಿ ತಪ್ಪಿಲ್ಲದವನೂ ತಪ್ಪೊಪ್ಪಿಕೊಳ್ಳುತ್ತಾನೆ. ಕ್ಯಾಮೆರಾ ರಾಜ್ಯದ ಯಾವ ಮೂಲೆಯಲ್ಲಿದ್ದರೂ ಚಲನನ್ನು ತನ್ನ ತಾಲೂಕಿನ ನ್ಯಾಯಾಲಯದ ಒಂದು ಕೋಣೆಯಿಂದ ವಿಡಿಯೊ ಮೂಲಕ ಪ್ರಶ್ನಿಸುವ ಅವಕಾಶ ಪ್ರತಿಯೊಬ್ಬನಿಗೂ ಸಿಗಬೇಕು. ಯಂತ್ರ ಐನೂರು ಕಿಲೋಮೀಟರ್ ದೂರದಿಂದ ಆರೋಪ ಕಳಿಸಬಲ್ಲದಾದರೆ ಉತ್ತರವೂ ಅಷ್ಟೇ ಸುಲಭವಾಗಿ ಹೋಗಬೇಕು. ತಾಲೂಕು ಕಾನೂನು ಸೇವಾ ಸಮಿತಿಗಳಿವೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಆದಾಯ ಕಡಿಮೆ ಇದ್ದವರಿಗೆ ಅಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ. ಪಿಕಪ್ ಓಡಿಸುವ ಹುಡುಗರಲ್ಲಿ ಇದು ಎಷ್ಟು ಮಂದಿಗೆ ಗೊತ್ತು ಎಂದು ಕೇಳಿ ನೋಡಬೇಕು.

ಸಾವಿರ ರೂಪಾಯಿ ಎಲ್ಲರಿಗೂ ಒಂದೇ ಸಾವಿರವಲ್ಲ ಎಂಬ ಮಾತೂ ಇದೆ. ಸಕ್ಕರೆಯ ದೊಡ್ಡ ಕುಳಕ್ಕೆ ಅದು ಒಂದು ಊಟದ ಬಿಲ್ಲು. ಗ್ಯಾರೇಜಿನಲ್ಲಿ ದುಡಿಯುವ ಹುಡುಗನಿಗೆ ಎರಡು ಮೂರು ದಿನದ ಕೂಲಿ. ಫಿನ್ಲೆಂಡಿನಲ್ಲಿ ದೊಡ್ಡ ಅತಿವೇಗಕ್ಕೆ ದಂಡ ಹಾಕುವುದು ದಿನದ ಆದಾಯದ ಲೆಕ್ಕದಲ್ಲಿ. 2023ರಲ್ಲಿ ಅಲ್ಲಿಯ ಆಲಂಡ್ ದ್ವೀಪದ ಒಬ್ಬ ಶ್ರೀಮಂತ ಉದ್ಯಮಿ 50ರ ವಲಯದಲ್ಲಿ 82ರಲ್ಲಿ ಓಡಿಸಿ 1,21,000 ಯೂರೊ ಕಟ್ಟಿದ. ಆದಾಯದ ದಾಖಲೆ ಗಟ್ಟಿಯಾಗಿರುವ ನಾಡಿಗೆ ಅದು ಸಲ್ಲುತ್ತದೆ. ನಮ್ಮಲ್ಲಿ ಬೇಸಾಯದ ಆದಾಯ ಕಾಗದದ ಮೇಲೆ ಸಿಗುವುದೇ ಕಷ್ಟ. ಆದ್ದರಿಂದ ಸಮಾನವಾಗಿ ಮುಟ್ಟುವ ಬೇರೆ ನಾಣ್ಯ ಹುಡುಕಬೇಕು. ಎಲ್ಲರ ಬಳಿಯೂ ಒಂದೇ ಪ್ರಮಾಣದಲ್ಲಿರುವುದು ಸಮಯ. ರವಿವಾರ ಎಲ್ಲರಿಗೂ ಒಂದೇ.

ಬ್ರಿಟನ್ನಿನಲ್ಲಿ ಮಿತಿಯನ್ನು ಸ್ವಲ್ಪ ಮೀರಿದವನಿಗೆ ದಂಡ ಮತ್ತು ಲೈಸೆನ್ಸಿನ ಮೇಲಿನ ಕಪ್ಪು ಅಂಕದ ಬದಲು ವೇಗದ ತಿಳಿವಳಿಕೆಯ ತರಗತಿಗೆ ಕೂರುವ ಅವಕಾಶ ಇದೆ. ಹೊಸದಾಗಿ ಲೈಸೆನ್ಸ್ ಪಡೆದವರ ವಿಷಯದಲ್ಲಿ ಅಲ್ಲಿ ಬಿಗಿ ಹೆಚ್ಚು. ಮೊದಲ ಎರಡು ವರ್ಷದಲ್ಲಿ ಆರು ಕಪ್ಪು ಅಂಕ ಬಿದ್ದರೆ ಲೈಸೆನ್ಸೇ ರದ್ದು. ಹೊಸಬನಿಗೆ ಕಲಿಯುವ ಬಾಗಿಲೂ ಇದೆ, ಕಳೆದುಕೊಳ್ಳುವ ಭಯವೂ ಇದೆ. ನಮ್ಮ ಕಾಯ್ದೆಯಲ್ಲಿ ಈ ಬಾಗಿಲು ಇಲ್ಲವೆಂದಲ್ಲ. 2019ರ ತಿದ್ದುಪಡಿ ದಂಡದ ಜೊತೆಗೆ ಸಮುದಾಯ ಸೇವೆ ಮಾಡಿಸಲು ರಾಜ್ಯ ಸರ್ಕಾರಕ್ಕೆ ಅಧಿಕಾರ ಕೊಟ್ಟಿದೆ. ಲೈಸೆನ್ಸ್ ಕಳೆದುಕೊಂಡವನು ಅದನ್ನು ಮರಳಿ ಪಡೆಯಬೇಕಾದರೆ ಮರುತರಬೇತಿ ಮುಗಿಸಬೇಕು ಎಂದೂ ಹೇಳಿದೆ. ಬಾಗಿಲಿನ ಚೌಕಟ್ಟು ನಿಂತಿದೆ, ಒಳಗೆ ಕೋಣೆಯನ್ನು ಯಾರೂ ಕಟ್ಟಿಲ್ಲ.

ಆ ಕೋಣೆ ಕಟ್ಟಲು ಬೆಂಗಳೂರಿನ ಕಡೆ ನೋಡಬೇಕಿಲ್ಲ. ಹುಕ್ಕೇರಿ ತಾಲೂಕಿನ ಜನ 1969ರಲ್ಲೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಕಟ್ಟಿಕೊಂಡು ತಮ್ಮ ಹಳ್ಳಿಗಳಿಗೆ ತಾವೇ ಕರೆಂಟು ಹಂಚಿದವರು. ಗೋಕಾಕದಲ್ಲಿ ಆರ್‌ಟಿಒ ಕಚೇರಿ ಇದೆ; ಕೆಎ 49 ಎಂಬ ನಂಬರು ಅಲ್ಲಿಯದೇ. ಅಲ್ಲಿ ತಿಂಗಳಿಗೆ ಎರಡು ರವಿವಾರ ನಾಲ್ಕು ತಾಸು ಒಂದು ತರಗತಿ ನಡೆಯಲಿ. ಇಪ್ಪತ್ತೈದರೊಳಗಿನವರು ಮೊದಲ ಸಲ ಅತಿವೇಗದಲ್ಲಿ ಸಿಕ್ಕರೆ ದಂಡದ ಒಂದು ಪಾಲು ಕಡಿಮೆ ಮಾಡಿ ಅಲ್ಲಿ ಕೂರಿಸಲಿ. ಕಲಿಸಲು ಸಾರಿಗೆ ಸಂಸ್ಥೆಯ ಬಸ್ಸನ್ನು ಮೂವತ್ತು ವರ್ಷ ಅಪಘಾತವಿಲ್ಲದೆ ಓಡಿಸಿ ನಿವೃತ್ತರಾದ ಚಾಲಕರು ನಮ್ಮ ಊರುಗಳಲ್ಲೇ ಇದ್ದಾರೆ. 108ರಲ್ಲಿ ರಾತ್ರಿ ಪಾಳಿ ಮಾಡಿದ ನರ್ಸು ಒಂದು ತಾಸು ಮಾತಾಡಲಿ, ತಾಲೂಕು ಆಸ್ಪತ್ರೆಯ ಎಲುಬಿನ ಡಾಕ್ಟರು ಒಂದು ತಾಸು. ಮಧ್ಯಾಹ್ನದ ಮೇಲೆ ಆ ಹುಡುಗರೇ ಕಾರ್ಖಾನೆಯ ಗೇಟಿಗೆ ಹೋಗಿ ಸಾಲಿನಲ್ಲಿ ನಿಂತ ಟ್ರೇಲರುಗಳ ಹಿಂದೆ ರಿಫ್ಲೆಕ್ಟರ್ ಪಟ್ಟಿ ಅಂಟಿಸಲಿ. ಇದಕ್ಕಿಂತ ಅರ್ಥಪೂರ್ಣವಾದ ಸಮುದಾಯ ಸೇವೆ ನಮ್ಮ ಕಡೆ ಯಾವುದಿದೆ? 2025ರ ನವೆಂಬರಿನಲ್ಲಿ ಕಬ್ಬಿನ ಬೆಲೆಗಾಗಿ ಗುರ್ಲಾಪುರ ಕ್ರಾಸಿನಲ್ಲಿ ಹಗಲಿರುಳು ಕೂತ ರೈತರ ಒಗ್ಗಟ್ಟನ್ನು ನೋಡಿದವನು ನಾನು. ಅದೇ ರೈತರು ಕಾರ್ಖಾನೆಯ ಆಡಳಿತಕ್ಕೆ ಒಂದು ಮಾತು ಹೇಳಿದರೆ ಪಟ್ಟಿಯ ಖರ್ಚು ಅಲ್ಲಿಂದಲೇ ಹುಟ್ಟುತ್ತದೆ.

ಅಣ್ಣನ ಮಗನ ವಿಷಯ ಹೀಗಾಯಿತು. ಅವನು ಬಿ.ಕಾಂ. ಓದುತ್ತ ಸಂಜೆ ಗೋಕಾಕದ ಒಂದು ಮೊಬೈಲ್ ಅಂಗಡಿಯಲ್ಲಿ ಕೂರುತ್ತಾನೆ. ನಾನು ಅವನನ್ನು ಹೊರಗೆ ಕರೆದು, "ತಮ್ಮಾ, ಗಾಡಿ ಯಾರ ಓಡಸಾಕತ್ತಿದ್ರು?" ಎಂದಷ್ಟೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನ ಕಾಕಾ. ಪಗಾರ ಬಂದ ಮ್ಯಾಲ ನಾನ ಕಟ್ಟತೀನಿ, ಅಪ್ಪಗ ಬ್ಯಾಡ ಅನ್ರಿ" ಎಂದ. ಕಟ್ಟಿದ. ಬಂದ ರಸೀದಿಯಲ್ಲಿ ಅಪ್ಪನ ಹೆಸರೇ ಇತ್ತು. ಓಡಿಸಿದವನ ಹೆಸರಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಅದನ್ನು ಪ್ರಿಂಟ್ ತೆಗೆಸಿ ಲೈಸೆನ್ಸಿನ ಜೊತೆ ಪಾಕೀಟಿನಲ್ಲಿ ಇಟ್ಟುಕೊಂಡಿದ್ದಾನೆ.

ಹೋದ ತಿಂಗಳು ಹುಕ್ಕೇರಿಗೆ ಹೋಗುವುದಿತ್ತು, ಅವನೇ ಕಾರು ತಂದ. ಮುಳ್ಳು 60ರ ಮೇಲೆ ಏರಲಿಲ್ಲ. ಘಟಪ್ರಭಾ ದಾಟಿದ ಮೇಲೆ ಹಿಂದೆ ಒಂದು ಪಿಕಪ್ ಬಂದು ಹಾರ್ನ್ ಮೇಲೆ ಹಾರ್ನ್ ಬಾರಿಸತೊಡಗಿತು. ಇವನು ಎಡಕ್ಕೆ ಸರಿದು ದಾರಿ ಕೊಟ್ಟ. ಪಕ್ಕದಲ್ಲಿ ಹಾಯ್ದುಹೋಗುವಾಗ ನೋಡಿದೆ: ಹಿಂದೆ ಬೆಲ್ಲದ ಪೆಂಟಿಗಳು, ಮುಂದೆ ಇವನದೇ ವಯಸ್ಸಿನ ಹುಡುಗ, ಒಂದು ಕೈ ಸ್ಟೇರಿಂಗಿನ ಮೇಲೆ, ಇನ್ನೊಂದು ಕೈಯಲ್ಲಿ ಕಿವಿಗೆ ಒತ್ತಿ ಹಿಡಿದ ಮೊಬೈಲು. ಯಾರಿಗೋ ಬೇಗ ಬೇಗ ಉತ್ತರ ಕೊಡುತ್ತಿದ್ದ.